ಹದಿನಾರು ಮನೆಯ ಡ್ರಮ್ ಪೆಟ್ಟಿಗೆಯಲ್ಲಿ ದಾದ್ರಾ ಕೂಡಿಸಿದ್ದು

ಬಾಗಲಕೋಟೆಯ ನಮ್ಮ ಓಣಿಯ ಭಜನಾ ಮೇಳಕ್ಕೆ ತಬಲಾದವರು ಬರದ ದಿನ, ದಾದ್ರಾ ತಾಲ ಕೂಡಿಸಿದ ನನ್ನ ಪುಟ್ಟ ಡಿಜಿಟಲ್ ಡ್ರಮ್ ಸಿಂಥ್ (ಡ್ರಮ್ ದನಿ ಹೊರಡಿಸುವ ಪೆಟ್ಟಿಗೆ) ಒಯ್ದಿದ್ದೆ. ಮೊದಲ ಆವರ್ತ, ಅಂದರೆ ತಾಲದ ಒಂದು ಸುತ್ತು, ಚೆನ್ನಾಗಿಯೇ ಬಂತು. ಎರಡನೆಯದರಲ್ಲಿ ಪೇಟಿ (ಹಾರ್ಮೋನಿಯಂ) ನುಡಿಸುತ್ತಿದ್ದ ಕಾಕಾ ಕೈ ತೆಗೆದುಬಿಟ್ಟರು. "ತಮ್ಮಾ, ಸಮ್ ಎಲ್ಲಿ ಹೋತೋ?" ಸಮ್ ಎಂದರೆ ಸುತ್ತು ಶುರುವಾಗುವ ಮೊದಲ ಪೆಟ್ಟು.

ರಾತ್ರಿ ಕೂತು ಲೆಕ್ಕ ಹಾಕಿದೆ. ಪೆಟ್ಟುಗಳನ್ನು ಸಾಲಾಗಿ ಜೋಡಿಸುವ ಸೀಕ್ವೆನ್ಸರ್‌ನಲ್ಲಿ 16 ಸ್ಟೆಪ್, ಅಂದರೆ ಮನೆ. ದಾದ್ರಾಕ್ಕೆ 6 ಮಾತ್ರೆ (ತಾಲದ ಎಣಿಕೆ). ಮಾತ್ರೆಗೆ ಎರಡು ಸ್ಟೆಪ್ ಕೊಟ್ಟರೆ 12. ಉಳಿದ 4 ಸ್ಟೆಪ್ ಎಂದರೆ ಎರಡು ಮಾತ್ರೆ ಖಾಲಿ ಓಡಿ, ಆಮೇಲೆ ಮತ್ತೆ ಸಮ್‌ನ 'ಧಾ' ಬೀಳುತ್ತಿತ್ತು. 13ರಿಂದ 16ರವರೆಗಿನ ಸ್ಟೆಪ್‌ಗಳಲ್ಲಿ ಪೆಟ್ಟು ಅಳಿಸಿದರೆ ಸಾಲದು, ಅವು ಮೌನವಾಗಿಯೂ ಸಮಯ ತಿನ್ನುತ್ತವೆ. ಪ್ಯಾಟರ್ನ್‌ನ ಉದ್ದವನ್ನೇ 12ಕ್ಕೆ ಕತ್ತರಿಸಬೇಕು. 7 ಮಾತ್ರೆಯ ಹಿಂದೂಸ್ತಾನಿ ರೂಪಕ ತಾಲಕ್ಕಾದರೆ 14.

ಆದರೂ ಓಟ ಇಮ್ಮಡಿ! ಪೆಟ್ಟಿಗೆ ನಾಲ್ಕು ಸ್ಟೆಪ್ಪಿಗೆ ಒಂದು ಬೀಟ್ ಎಣಿಸುತ್ತದೆ, ನನ್ನ ಮಾತ್ರೆ ಎರಡೇ ಸ್ಟೆಪ್ಪಿನದು. ನಿಮಿಷಕ್ಕೆ 160 ಮಾತ್ರೆ ಬೇಕಿದ್ದರೆ ಟೆಂಪೋ 80 ಇಡಬೇಕು.

ಇನ್ನು ದನಿ. ಡಗ್ಗಾಕ್ಕೆ (ತಬಲಾ ಜೋಡಿಯ ಎಡಗೈ ವಾದ್ಯ) ತಗ್ಗು ಸ್ವರದ ಸೈನ್ ತರಂಗ (ಒಂದೇ ಶುದ್ಧ ಸ್ವರ) ತೆಗೆದುಕೊಂಡು, ಪೆಟ್ಟು ಬಿದ್ದ ಮೇಲೆ ಪಿಚ್ ತುಸು ಮೇಲೇರುವಂತೆ ಮಾಡಿದೆ; ಅಂಗೈ ಒತ್ತಿದಂಥ ಆ ಗುಂಯ್‌ಕಾರ ಬಂದಾಗ ಮೈ ಜುಮ್ಮೆಂದಿತು. 'ಧಾ ಧಿ ನಾ, ಧಾ ತಿ ನಾ'ದಲ್ಲಿ ಡಗ್ಗಾ 1, 3, 7ನೇ ಸ್ಟೆಪ್ಪಿಗೆ ಮಾತ್ರ. 9ರಲ್ಲಿ 'ತಿ', ಅದು ಬಲಗೈ ಪೆಟ್ಟು, ಅಲ್ಲಿ ಡಗ್ಗಾ ಬೇಡವೇ ಬೇಡ. ಇಟ್ಟರೆ ತಾಲದ ಮುಖವೇ ಕೆಡುತ್ತದೆ.

ಮುಂದಿನ ಸೋಮವಾರ ಕಾಕಾ ಮೂರು ತತ್ವಪದ ನಿಲ್ಲದೆ ಹಾಡಿದರು.