ಹನ್ನೆರಡು ತಗಡಿನ ಟ್ರಂಕು, ಒಂದು ವೀಣೆ: ಬೆಂಗಳೂರಿಂದ ಮೆಲ್ಬರ್ನ್‌ಗೆ ಮನೆ ಸಾಗಿಸಿದ್ದು

"ಏನ್ ಭಾವ, ಹಾಸ್ಟೆಲ್‌ಗೆ ಸೇರ್ತಿದೀರಾ?" ಅಂದ ನನ್ನ ಭಾಮೈದ. ಹಾಲ್‌ನಲ್ಲಿ ಹನ್ನೆರಡು ತಗಡಿನ ಟ್ರಂಕು ಸಾಲಾಗಿ ಇಟ್ಟಿದ್ದೆ. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಮನೆ ನೋಡಲು ಬಂದಿದ್ದ ಪ್ಯಾಕರ್ಸ್ ಹುಡುಗ ಅಂತೂ ಟ್ರಂಕಿನ ಮೇಲೆ ತಟ್ಟಿ, "ಇದೆಲ್ಲ ಫಾರಿನ್‌ಗೆ ಹೋಗಲ್ಲ ಸಾರ್" ಅಂದ. ಹೋಯಿತು. ಒಂದು ಲೋಟವೂ ಒಡೆಯದೆ ಹೋಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದು ನನ್ನ ಎರಡನೇ ಸಲ. ಮೊದಲ ಸಲ 2014ರಲ್ಲಿ ನ್ಯೂಜೆರ್ಸಿಗೆ ಹೋದಾಗ ಎಲ್ಲವನ್ನೂ ಕಂಪನಿಯ ಪ್ಯಾಕರ್ಸ್ ಕೈಗೆ ಕೊಟ್ಟು ಸುಮ್ಮನಾಗಿದ್ದೆ. ಅವರು ತಂದದ್ದು ರಟ್ಟಿನ ಡಬ್ಬ. ಹಡಗಿನ ತೇವಕ್ಕೆ ಕೆಳಗಿನ ಸಾಲಿನ ಡಬ್ಬಗಳು ಹಪ್ಪಳದ ಹಿಟ್ಟಿನ ಥರ ಮೆತ್ತಗಾಗಿ, ಮೇಲಿನವು ಅವುಗಳ ಮೇಲೆ ಕೂತಿದ್ದವು. ಊಟದ ಸೆಟ್ಟಿನಲ್ಲಿ ಉಳಿದದ್ದು ಮೂರು ತಟ್ಟೆ. ಆ ದೇಶದ 120 ವೋಲ್ಟಿಗೆ ನಮ್ಮ ಮಿಕ್ಸಿ ಓಡಿಸಲು ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರ್ ಕೊಂಡೆ. ಚಟ್ನಿ ರುಬ್ಬುವ ಹೊತ್ತಿಗೆ ಮಿಕ್ಸಿಗಿಂತ ಅದೇ ಜಾಸ್ತಿ ಕಾಯುತ್ತಿತ್ತು. ಆ ದುಡ್ಡಿನ ಲೆಕ್ಕ ನೆನಪಿಸಿಕೊಳ್ಳಲು ಇಷ್ಟವಿಲ್ಲ.

2023ರಲ್ಲಿ ಮೆಲ್ಬರ್ನ್‌ಗೆ ಹೊರಟಾಗ ಒಂದು ಸಮಾಧಾನ ಇತ್ತು. ಆಸ್ಟ್ರೇಲಿಯಾದಲ್ಲೂ ನಮ್ಮಂತೆಯೇ 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಬದಲಾಯಿಸಿದರೆ ಸಾಕು, ಗ್ರೈಂಡರ್ ತಿರುಗುತ್ತದೆ. ಹಾಗಾಗಿ ಗ್ರೈಂಡರ್ ಬಿಟ್ಟು ಹೋಗುವ ಪ್ರಶ್ನೆಯೇ ಇಲ್ಲ ಅಂತ ಮನೆಯಲ್ಲಿ ಮೊದಲ ದಿನವೇ ತೀರ್ಮಾನವಾಯಿತು. ಮನೆ ಬಾಗಿಲಿಂದ ಮನೆ ಬಾಗಿಲಿಗೆ ಅಂತ ಎರಡು ಕಡೆ ಕೊಟೇಶನ್ ತೆಗೆದೆ. ಒಬ್ಬರು 2.7 ಲಕ್ಷ, ಇನ್ನೊಬ್ಬರು 3 ಲಕ್ಷ ಚಿಲ್ಲರೆ. ಅಷ್ಟು ಕೊಟ್ಟರೂ ಅದೇ ರಟ್ಟಿನ ಡಬ್ಬ. ಹಾಗಾಗಿ ನಾನೇ ಕಟ್ಟಿ ಹಡಗಿಗೆ ಹಾಕಿಸುವುದು ಅಂತಾಯಿತು.

ಟ್ರಂಕಿನ ಐಡಿಯಾ ಬಂದದ್ದು ಅಟ್ಟದ ಮೇಲಿದ್ದ ಅಪ್ಪನ ಹಳೇ ಟ್ರಂಕು ನೋಡಿ. ತಗಡಿಗೆ ಹುಳ ಬೀಳಲ್ಲ. ಮರದ ಪೆಟ್ಟಿಗೆಯಾದರೆ ಹುಳ ಸಾಯಲು ಶಾಖ ಕೊಟ್ಟು, ಅದಕ್ಕೆ ಸಾಕ್ಷಿಯಾಗಿ ಐಎಸ್‌ಪಿಎಂ 15 ಅನ್ನುವ ಅಂತಾರಾಷ್ಟ್ರೀಯ ಮುದ್ರೆ ಹಾಕಿಸಬೇಕು. ತಗಡಿಗೆ ಆ ರಗಳೆ ಇಲ್ಲ. ಒಂದರ ಮೇಲೊಂದು ಮೂರು ಇಟ್ಟರೂ ಕುಸಿಯಲ್ಲ. ಹಡಗಿನಲ್ಲಿ ದುಡ್ಡು ಜಾಗಕ್ಕೆ, ತೂಕಕ್ಕಲ್ಲ; ಒಂದು ಕ್ಯೂಬಿಕ್ ಮೀಟರ್‌ಗೆ ಸಾವಿರ ಕಿಲೋ ದಾಟುವವರೆಗೂ ಯಾರೂ ಕೇಳುವುದಿಲ್ಲ. ಸ್ಟೀಲ್ ಪಾತ್ರೆ, ಪುಸ್ತಕ, ಗ್ರೈಂಡರಿನ ಕಲ್ಲು, ದೋಸೆ ಕಾವಲಿ ಎಲ್ಲ ತುಂಬಿದೆ. ಒಂದೊಂದು ಟ್ರಂಕು ನಲವತ್ತು ಕಿಲೋ ಹತ್ತಿರ ಬಂತು. ಪೇಟೆಯಲ್ಲಿ ಒಬ್ಬರಿಗೆ ಹೇಳಿ ಮಾಡಿಸಿದೆ, ಒಂದಕ್ಕೆ ಸುಮಾರು 2,300 ರೂಪಾಯಿ. ಯಾವ ಅಂಗಡಿ ಅಂತ ಕೇಳಬೇಡಿ. ಭಾಮೈದನಿಗೇ ಇನ್ನೂ ಹೇಳಿಲ್ಲ.

ನಾನು ಮಾಡಿದ ದೊಡ್ಡ ತಪ್ಪು ಇಲ್ಲೇ ಇದೆ. ಅಪ್ಪನ ಟ್ರಂಕಿನ ಅಳತೆಯನ್ನೇ ಕೊಟ್ಟೆ: 36 ಇಂಚು ಉದ್ದ, 20 ಅಗಲ, 15 ಎತ್ತರ. ಹನ್ನೆರಡು ಸೇರಿ 2.1 ಕ್ಯೂಬಿಕ್ ಮೀಟರ್ ಆಗುತ್ತದೆ ಅಂತ ಲೆಕ್ಕ ಹಾಕಿ ಬೀಗುತ್ತಿದ್ದೆ. ಹಡಗಿಗೆ ಕಳಿಸುವ ಗೋದಾಮಿನವರು ಟ್ರಂಕುಗಳನ್ನು ಪ್ಯಾಲೆಟ್ ಮೇಲೆ, ಅಂದರೆ ಸಾಮಾನು ಹೇರುವ ಹಲಗೆಯ ಮೇಲೆ ಹೇರಿ, ಪ್ಯಾಲೆಟ್ ಸಮೇತ ಅಳೆದರು. ಪ್ಯಾಲೆಟ್ 1.2 ಮೀಟರ್‌ಗೆ 1 ಮೀಟರ್. ನನ್ನ ಎರಡು ಟ್ರಂಕು ಪಕ್ಕಪಕ್ಕ ಇಟ್ಟರೆ ಅತ್ತ ಪೂರ್ತಿ ತುಂಬುವುದಿಲ್ಲ, ಇತ್ತ ಎರಡು ಸೆಂಟಿಮೀಟರ್ ಹೊರಗೆ ಚಾಚುತ್ತದೆ, ಇಲ್ಲ ತಿರುಗಿಸಿದರೆ ಎರಡೂ ಕಡೆ ಖಾಲಿ. ಮೂರು ಸಾಲು ಎತ್ತರ, ಮೇಲೆ ಪ್ಯಾಲೆಟಿನ ಹದಿನೈದು ಸೆಂಟಿಮೀಟರ್ ಬೇರೆ. ಎರಡು ಪ್ಯಾಲೆಟ್ ಸೇರಿ 3.1 ಆಯಿತು. ಒಂದು ಕ್ಯೂಬಿಕ್ ಮೀಟರ್ ಬರೀ ಗಾಳಿಗೆ ಬಾಡಿಗೆ ಕೊಟ್ಟೆ! ಬಿಡಿಬಿಡಿಯಾಗಿ ಹಾಕಿ ಅಂತ ಫೋನಿನಲ್ಲಿ ಜಗಳ ಆಡಿದೆ. ನಲವತ್ತು ಕಿಲೋ ಟ್ರಂಕನ್ನು ಕೈಯಲ್ಲಿ ಎತ್ತುವವರು ಯಾರು ಸಾರ್ ಅಂದರು. ಅವರ ಮಾತೂ ಸರಿಯೇ. ಮಾಡಿಸುವವರು 39ಕ್ಕೆ 23 ಇಂಚು ಮಾಡಿಸಿ. ಎರಡು ಇಟ್ಟರೆ ಪ್ಯಾಲೆಟ್ ತುಂಬುತ್ತದೆ.

ಇನ್ನು ತೇವ. ಕಂಟೇನರ್ ಒಳಗೆ ಹಗಲು ಕಾದು ರಾತ್ರಿ ತಣ್ಣಗಾಗಿ, ಚಾವಣಿಯಿಂದ ನೀರು ತೊಟ್ಟಿಕ್ಕುತ್ತದೆ. ತಗಡಿನ ಮುಚ್ಚಳ ಅಷ್ಟು ಬಿಗಿಯಾಗಿ ಕೂರುವುದಿಲ್ಲ. ಮೊದಲು ಕಿಟಕಿಗೆ ಹಾಕುವ ಫೋಮ್ ಪಟ್ಟಿ ಅಂಟಿಸಿ, ಬಚ್ಚಲಲ್ಲಿಟ್ಟು ಅರ್ಧ ಗಂಟೆ ಶವರ್ ಬಿಟ್ಟು ನೋಡಿದೆ. ಒಳಗಿದ್ದ ಹಳೇ ಪೇಪರ್ ಒದ್ದೆಮುದ್ದೆ. ಮೂರನೇ ಪ್ರಯತ್ನಕ್ಕೆ ಒಂದು ಬೇರೆ ಪಟ್ಟಿ ಸಿಕ್ಕಿತು, ಪೇಪರ್ ಗರಿಗರಿಯಾಗಿಯೇ ಉಳಿಯಿತು. ಅದು ಕಾರಿನ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ ಅಂತ ಮಾತ್ರ ಹೇಳುತ್ತೇನೆ. ಬೀಗ ಹಾಕಲಿಲ್ಲ, ಚಿಲಕಕ್ಕೆ ಕೇಬಲ್ ಟೈ ಬಿಗಿದೆ. ಬೀಗ ಇದ್ದರೆ ಕಸ್ಟಮ್ಸ್‌ನವರು ತೆಗೆಯುವಾಗ ಕತ್ತರಿಸುತ್ತಾರೆ, ಆಮೇಲೆ ಚಿಲಕವೇ ನಿಲ್ಲುವುದಿಲ್ಲ.

ವೀಣೆ ವಿಷಯಕ್ಕೆ ಮನೆಯಲ್ಲಿ ವಾರಗಟ್ಟಲೆ ಮಾತು ನಡೆಯಿತು. ಹೆಂಡತಿಯದು ದೊಡ್ಡಬಳ್ಳಾಪುರದ ಹತ್ತಿರ ಸಿಂಪಾಡಿಪುರದಲ್ಲಿ ಮಾಡಿದ ಹಲಸಿನ ಮರದ ವೀಣೆ. ವಿಮಾನದಲ್ಲಿ ಕಳಿಸಿದರೆ ವೀಣೆಯ ಬೆಲೆಯಷ್ಟೇ ಬಾಡಿಗೆ. ಹಡಗಿನಲ್ಲಾದರೆ ಕಾವು. ಇಪ್ಪತ್ತನಾಲ್ಕು ಮೆಟ್ಟಿಲು, ಅಂದರೆ ತಂತಿಯ ಕೆಳಗಿನ ಸ್ವರದ ಕಡ್ಡಿಗಳು, ಕೂತಿರುವುದು ಮೇಣದ ಮೇಲೆ. ಮೇಣ ಮೆತ್ತಗಾದರೆ ಮೇಳವೇ, ಅಂದರೆ ಸ್ವರಗಳ ಜೋಡಣೆಯೇ, ಹೋಯಿತು. ಆ ಕಪ್ಪು ಮೇಣದ ಒಂದು ಚೂರನ್ನು ಹಲಗೆ ತುಂಡಿಗೆ ಮೆತ್ತಿ, ಅದರ ಮೇಲೆ ಒಂದು ಹಿತ್ತಾಳೆ ಕಡ್ಡಿ ಕೂರಿಸಿ, ಫೆಬ್ರವರಿ ಬಿಸಿಲಿನಲ್ಲಿ ಗಾಜು ಏರಿಸಿದ ಕಾರಿನಲ್ಲಿಟ್ಟೆ. ಡ್ಯಾಶ್‌ಬೋರ್ಡ್ ಮೇಲೆ ಇಟ್ಟಾಗ ಥರ್ಮಾಮೀಟರ್ 58 ತೋರಿಸಿತು, ಕಡ್ಡಿ ಬೆರಳಿಗೆ ಜಾರಿತು. ಸೀಟಿನ ಕೆಳಗೆ 45ರ ಆಸುಪಾಸು, ಕಡ್ಡಿ ಅಲ್ಲಾಡಲಿಲ್ಲ. ಅಂದರೆ ಕಂಟೇನರಿನಲ್ಲಿ ಮೇಲ್ಗಡೆ ಬೇಡ, ಕೆಳಗಿಟ್ಟರೆ ಬದುಕುತ್ತದೆ. ತಂತಿ ಸಡಿಲಿಸಿ, ತಂತಿಗೆ ಆಧಾರವಾದ ಕುದುರೆ ತೆಗೆದು, ಫೈಬರ್ ಕೇಸಿನಲ್ಲಿ ಮಲಗಿಸಿದೆವು. ಮೆಟ್ಟಿಲುಗಳ ನಡುವೆ ಏನು ತುಂಬಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅವಳ ಗುರುಗಳು ಓದಿದರೆ ನನ್ನನ್ನು ಮನೆಗೆ ಸೇರಿಸುವುದಿಲ್ಲ.

ಅದೇ ಉತ್ಸಾಹದಲ್ಲಿ ಏಳನೇ ಟ್ರಂಕಿಗೆ ಒಂದು ಪುಟ್ಟ ಥರ್ಮಾಮೀಟರ್ ಹಾಕಿದೆ, ಅತಿ ಜಾಸ್ತಿ ಕಾವು ಎಷ್ಟು ಅಂತ ನೆನಪಿಟ್ಟುಕೊಳ್ಳುವಂಥದ್ದು. ಮೆಲ್ಬರ್ನಿನಲ್ಲಿ ತೆಗೆದಾಗ 47 ಅಂತಿತ್ತು. 46 ಇದ್ದರೂ ಇರಬಹುದು, ಫೋಟೋ ತೆಗೆದಿಟ್ಟಿಲ್ಲ.

ಏನು ಬಿಟ್ಟು ಹೋದೆವು ಅನ್ನುವುದೂ ಮುಖ್ಯ. ಅಜ್ಜಿಯ ಹಿತ್ತಾಳೆ ದೀಪ ಬಿಟ್ಟೆವು. ನೂರು ವರ್ಷ ದಾಟಿದ ವಸ್ತುವನ್ನು ದೇಶದಿಂದ ಹೊರಗೆ ಒಯ್ಯಲು 1972ರ ಕಾಯ್ದೆ ಬಿಡುವುದಿಲ್ಲ. ಪುರಾತನ ಅಲ್ಲ ಅಂತ ಪುರಾತತ್ವ ಇಲಾಖೆಯಿಂದ ಸರ್ಟಿಫಿಕೇಟ್ ತರಬಹುದು. ಆದರೆ ದೀಪದ ವಯಸ್ಸು ಅಜ್ಜಿಗೇ ಗೊತ್ತಿರಲಿಲ್ಲ. ಹಿಡಿಸೂಡಿ, ಮೊರ, ಅಕ್ಕಿ, ಬೇಳೆ, ಜೀರಿಗೆ, ಧನಿಯಾ ಯಾವುದೂ ಬೇಡ. ಖಾಪ್ರಾ ಅನ್ನುವ ಕಾಳಿನ ಹುಳದ ಭಯಕ್ಕೆ 2020ರಿಂದ ಆಸ್ಟ್ರೇಲಿಯಾದವರು ಇನ್ನೂ ಬಿಗಿ ಮಾಡಿದ್ದಾರೆ. ಹಾಗೆಯೇ, ಹನ್ನೆರಡು ತಿಂಗಳಾದರೂ ಬಳಸಿದ ಸಾಮಾನಾಗಿದ್ದರೆ ಸುಂಕವಿಲ್ಲ. ಹಾಗಾಗಿ ಹೊಸ ಗ್ರೈಂಡರ್ ಆಸೆ ಬಿಟ್ಟು ಹಳೆಯದನ್ನೇ ಒಯ್ದೆ.

ಆ ಹಳೇ ಗ್ರೈಂಡರ್ ತೊಳೆಯುವುದೇ ಒಂದು ದಿನದ ಕೆಲಸ. ಮೇಲೆ ಫಳಫಳ ಅನ್ನುತ್ತಿತ್ತು. ಉರುಳುಗಲ್ಲನ್ನು ಬಿಚ್ಚಿ ತಿರುಗಿಸಿದರೆ, ಅಚ್ಚಿನ ಸುತ್ತ ಎಷ್ಟೋ ವರ್ಷದ ಉದ್ದಿನ ಹಿಟ್ಟು ಒಣಗಿ ಸಿಮೆಂಟಿನ ಹಾಗೆ ಕೂತಿತ್ತು. ಬಿಸಿನೀರಲ್ಲಿ ನೆನೆಸಿ, ಪಿನ್ನಿನಿಂದ ಕೆರೆದು, ಹಳೇ ಟೂತ್‌ಬ್ರಶ್ಶಿನಿಂದ ಉಜ್ಜಿದೆ. ಕೆರೆದಂತೆಲ್ಲ ಹುಳಿ ವಾಸನೆ ಬರುತ್ತಿತ್ತು. ಶೂಗಳ ಅಡಿಯಲ್ಲಿ ಸಿಕ್ಕಿಕೊಂಡಿದ್ದ ಮಣ್ಣಿಗೂ ಇದೇ ಚಿಕಿತ್ಸೆ. ಒಂದು ಚೂರು ಮಣ್ಣು ಕಂಡರೂ ಅಲ್ಲಿ ನಿಲ್ಲಿಸುತ್ತಾರೆ.

ನನ್ನ ನಿಜವಾದ ಕರಾಮತ್ತು ಅಂದರೆ ಜೋಡಿಸಿದ ರೀತಿ. ಅಲ್ಲಿಯ ತಪಾಸಣೆಯವರಿಗೆ ಅನುಮಾನ ಬರುವಂಥದ್ದನ್ನೆಲ್ಲ, ಅಂದರೆ ಈಳಿಗೆ ಮಣೆ, ಚಕ್ಕುಲಿ ಒರಳು, ಚನ್ನಪಟ್ಟಣದ ಗೊಂಬೆ, ಚರ್ಮದ ಚಪ್ಪಲಿ, ಶೂ, ಒಂದು ಮತ್ತು ಎರಡನೇ ಟ್ರಂಕಿಗೆ ತುಂಬಿದೆ. ಕೆಂಪು ಟೇಪ್ ಸುತ್ತಿದೆ. ಸಾಮಾನಿನ ಪಟ್ಟಿಯಲ್ಲಿ ಮರದ ಪ್ರತಿ ವಸ್ತುವೂ ಯಾವ ಮರದ್ದು ಅಂತ ಬರೆದೆ. ತಪಾಸಣೆಗೆ ಕಾಲು ಗಂಟೆಗೆ ಇಷ್ಟು ಅಂತ ಆಟೋ ಮೀಟರಿನ ಹಾಗೆ ದುಡ್ಡು ಓಡುತ್ತದೆ. ಎರಡೇ ಟ್ರಂಕು ನೋಡಿ ಮುಗಿಸಿದರೆ ನಮಗೆ ಲಾಭ.

ಸಾಮಾನು ಲಾರಿಯಲ್ಲಿ ಚೆನ್ನೈಗೆ ಹೋಗಿ, ಪೋರ್ಟ್ ಕ್ಲಾಂಗ್‌ನಲ್ಲಿ ಹಡಗು ಬದಲಾಯಿಸಿ, ಏಪ್ರಿಲ್ ಮಧ್ಯದಲ್ಲಿ ಮೆಲ್ಬರ್ನ್ ಸೇರಿತು. ಐವತ್ತು ದಿನ ಅನ್ನಿ. ನಾನು ಮೊದಲೇ ಬಂದು ಕೂತಿದ್ದೆ. ಕಸ್ಟಮ್ಸ್ ಕ್ಲಿಯರೆನ್ಸ್‌ಗೆ ಏಜೆಂಟ್ ಬೇಡ ಅಂತ ಅವರ ಬಿ534 ಫಾರ್ಮ್ ನಾನೇ ತುಂಬಿ, ಪಾಸ್‌ಪೋರ್ಟ್ ಪ್ರತಿ, ಬಿಎಲ್ (ಬಿಲ್ ಆಫ್ ಲೇಡಿಂಗ್, ಹಡಗಿಗೆ ಹಾಕಿದ ಸಾಮಾನಿನ ರಸೀದಿ) ಪ್ರತಿ, ಪಟ್ಟಿ ಸೇರಿಸಿ ಕಳಿಸಿದೆ. ಇದು ಕಷ್ಟವಲ್ಲ, ಸುಮ್ನೆ ಹೆದರಿಸುತ್ತಾರೆ. ಎಡವಿದ್ದು ಬೇರೆ ಕಡೆ. ಸಾಮಾನು ಇಲ್ಲಿ ಬಿಡಿಸಿಕೊಳ್ಳಲು ಬೆಂಗಳೂರಲ್ಲೇ ಬಿಎಲ್ ಸರೆಂಡರ್ ಮಾಡಿಸುವುದನ್ನು, ಅಂದರೆ ಅಸಲನ್ನು ವಾಪಸ್ ಒಪ್ಪಿಸುವುದನ್ನು, ಮರೆತಿದ್ದೆ. ಅಸಲು ಕಾಗದ ಅಲ್ಲೇ ಅಮ್ಮನ ಬೀರುವಿನಲ್ಲಿ, ಸಾಮಾನು ಇಲ್ಲಿ. ಅಮ್ಮ ಆಟೋ ಹಿಡಿದು ಹೋಗಿ ಅದನ್ನು ಒಪ್ಪಿಸಿ, ಅವರು ಇಲ್ಲಿಗೆ ಮೆಸೇಜ್ ಕಳಿಸುವ ಹೊತ್ತಿಗೆ ಒಂದು ವಾರ. ಗೋದಾಮಿನವರು ಪುಕ್ಕಟೆ ಇಟ್ಟುಕೊಳ್ಳುವ ದಿನ ಮುಗಿದು ಬಾಡಿಗೆ 140 ಡಾಲರ್ ಬಿತ್ತು.

ತಪಾಸಣೆಯ ದಿನ ಅಧಿಕಾರಿಯಾಗಿದ್ದ ಒಬ್ಬ ಹೆಣ್ಣುಮಗಳು ಕೆಂಪು ಟೇಪಿನ ಎರಡು ಟ್ರಂಕು ತೆಗೆದು, ಈಳಿಗೆ ಮಣೆಯನ್ನು ಮೇಲೆ ಕೆಳಗೆ ನೋಡಿ, ಟಾರ್ಚ್ ಬಿಟ್ಟು ಮುಚ್ಚಿದಳು. ಹದಿನೈದು ನಿಮಿಷವೂ ಆಗಿರಲಿಲ್ಲ. ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಆಗ ಅವಳು ಒಂಬತ್ತನೇ ಟ್ರಂಕಿನ ಕಡೆ ಬೆರಳು ತೋರಿಸಿದಳು. ಅದು ಸೀರೆಗಳದ್ದು. ಮುಚ್ಚಳ ತೆಗೆದ ಕೂಡಲೇ ನನಗೆ ವಾಸನೆ ಬಂತು. ಲಾವಂಚ! ಮೈಸೂರು ಸಿಲ್ಕಿನ ಮಡಿಕೆಯಲ್ಲಿ ಹಳದಿ ದಾರ ಸುತ್ತಿದ ಪುಟ್ಟ ಕಟ್ಟು. ಕೆಳಗಿನ ಸೀರೆಯಲ್ಲಿ ಇನ್ನೊಂದು. ಅದರ ಕೆಳಗೆ ಒಣಗಿದ ಬೇವಿನೆಲೆ. ಪ್ರತಿ ಸೀರೆಯನ್ನೂ ಬಿಡಿಸಿ ಕೊಡವಬೇಕಾಯಿತು. ಪಟ್ಟಿಯಲ್ಲಿ ಇಲ್ಲದ ಬೇರು, ಎಲೆ. ನನ್ನ ಮುಖ ನೋಡಿ ಅವಳಿಗೆ ಪಾಪ ಅನಿಸಿತೋ ಏನೋ, ಎಚ್ಚರಿಕೆ ಹೇಳಿ, ಎಲ್ಲವನ್ನೂ ನಾಶ ಮಾಡಲು ಚೀಲಕ್ಕೆ ಹಾಕಿಕೊಂಡಳು. ಮೀಟರ್ ಮಾತ್ರ ಓಡಿತು. ಸುಮಾರು 300 ಡಾಲರ್.

ರಾತ್ರಿ ಫೋನ್ ಮಾಡಿದರೆ ಅಮ್ಮ, "ಹುಳ ಬೀಳಬಾರದು ಅಂತ ಇಟ್ಟೆ ಕಣೋ. ಲಾವಂಚಕ್ಕೂ ಅವರದೇನು ತಕರಾರು?" ಅಂದರು.

ಒಟ್ಟು ಲೆಕ್ಕ ಕೇಳುವವರಿಗೆ: ಟ್ರಂಕು 28 ಸಾವಿರದ ಹತ್ತಿರ, ಮುಚ್ಚಳದ ಪಟ್ಟಿ ಗಿಟ್ಟಿ ಐದು ಸಾವಿರ. ಬೆಂಗಳೂರಿನ ಕಡೆ ಲಾರಿ, ಕಸ್ಟಮ್ಸ್, ಹಡಗು ಸೇರಿ 48 ಸಾವಿರ. ಮೆಲ್ಬರ್ನ್ ಕಡೆ ಗೋದಾಮಿನ ಚಾರ್ಜು 700 ಡಾಲರ್ ಚಿಲ್ಲರೆ. ಇದನ್ನು ಮೊದಲು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಕೊಟೇಶನ್ ತೆಗೆಯುವಾಗಲೇ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ತಪಾಸಣೆ, ತಡವಾದ ದಂಡ, ವ್ಯಾನ್ ಬಾಡಿಗೆ ಸೇರಿಸಿದರೆ 1,200 ದಾಟಿತು. ಆಗ ಡಾಲರ್‌ಗೆ 55 ರೂಪಾಯಿ. ಎಲ್ಲಾ ಕೂಡಿ ಒಂದೂವರೆ ಲಕ್ಷದ ಒಳಗೆ. ವಿಮೆ ಮಾತ್ರ ಅರೆಬರೆ. ನಾವೇ ಕಟ್ಟಿದ ಸಾಮಾನು ಒಡೆದರೆ ಅವರು ಕೊಡುವುದಿಲ್ಲ, ಪೂರ್ತಿ ಮುಳುಗಿದರೆ ಮಾತ್ರ. ವಿಮೆಗೆ ಕಟ್ಟಿದ ಮೂರು ಸಾವಿರ ಈ ಲೆಕ್ಕಕ್ಕೆ ಹಿಡಿದಿಲ್ಲ.

ವೀಣೆಯ ಮೂರು ಮೆಟ್ಟಿಲು, ತಾರ ಸ್ಥಾಯಿಯವು, ಕೂದಲೆಳೆಯಷ್ಟು ಜರುಗಿದ್ದವು. ಹೆಂಡತಿ ಹೇರ್ ಡ್ರೈಯರ್ ಹಿಡಿದು ಮೇಣ ಮೆತ್ತಗೆ ಮಾಡಿ, ಒಂದೊಂದೇ ಮೀಟಿ ಕೇಳಿ, ಕೂರಿಸಿದಳು. ಒಂದು ಭಾನುವಾರ ಪೂರ್ತಿ ಹಿಡಿಯಿತು. ಒಂದು ಮೆಟ್ಟಿಲು ಈಗಲೂ ಕೊಂಚ ಅಪಸ್ವರ ಅಂತಾಳೆ, ನನಗೆ ಗೊತ್ತಾಗುವುದಿಲ್ಲ.

ನಾಲ್ಕು ಟ್ರಂಕನ್ನು ಇಲ್ಲಿಯವರಿಗೆ ಒಂದಕ್ಕೆ 50 ಡಾಲರ್‌ನಂತೆ ಮಾರಿದೆ. ಬಂದವನು ಹಳೇ ಕಾಲದ್ದಾ ಅಂತ ಕೇಳಿದ. ಇಲ್ಲಪ್ಪ, ಮೂರು ತಿಂಗಳ ಹಿಂದೆ ಮಾಡಿಸಿದ್ದು ಅಂದರೂ ಖುಷಿಯಿಂದಲೇ ಹೊತ್ತುಕೊಂಡು ಹೋದ. ಮುಂದಿನ ವರ್ಷ ಭಾಮೈದ ಪರ್ತ್‌ಗೆ ಬರುತ್ತಿದ್ದಾನೆ. ಮೊನ್ನೆ ಮೆಲ್ಲಗೆ ಫೋನ್ ಮಾಡಿ, "ಭಾವ, ಆ ಅಳತೆ ಎಷ್ಟು ಅಂದ್ರಿ?" ಅಂತ ಕೇಳಿದ.