ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ?

"ಎಷ್ಟು ಹೊತ್ತಾಯ್ತಪ್ಪ ಪ್ರಯಾಣ?" ಊರಿಂದ ಬರುವ ಮೊದಲ ಪ್ರಶ್ನೆ ಇದೇ. ನಾನು ಜಂಬದಿಂದ "ಹದಿನೇಳು ಗಂಟೆ ಅಷ್ಟೇ" ಅನ್ನುತ್ತಿದ್ದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ನಾನಿರುವ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಹಾರಿಸಿದಾಗ ಕೇಳಿದ ಲೆಕ್ಕ ಅದು. ದೂರ ಸುಮಾರು 14,000 ಕಿಲೋಮೀಟರ್. ಗ್ಲೋಬ್ ಮೇಲೆ ದಾರ ಎಳೆದು ನೋಡಿ, ನೆಟ್ಟಗೆ ಉತ್ತರ ಧ್ರುವದ ಹತ್ತಿರ ಹತ್ತಿ ಇಳಿಯುತ್ತದೆ.

ನಮ್ಮ ಜೇಬಿಗೆ ಒಗ್ಗಿದ್ದು ಮಾತ್ರ ಫ್ರಾಂಕ್‌ಫರ್ಟ್, ದುಬೈ ಸುತ್ತಿ ಬರುವ ಟಿಕೆಟ್. ಕಾಯುವುದೂ ಸೇರಿದರೆ ಒಂದು ಹಗಲು, ಒಂದು ರಾತ್ರಿ ಪೂರ್ತಿ ಹೋಗುತ್ತದೆ. ಮೊದಲ ಸಲ ನಾನು ಇನ್ನೂ ಅಗ್ಗದ್ದು ಹುಡುಕಿ, ಶಿಕಾಗೋದಲ್ಲಿ ಬರೀ ಒಂದೂವರೆ ಗಂಟೆ ಬಿಡುವಿರುವ ಟಿಕೆಟ್ ತಗೊಂಡೆ. ಅಮೆರಿಕದಲ್ಲಿ ಮೊದಲು ಎಲ್ಲಿ ಇಳಿಯುತ್ತೀರೋ ಸಾಮಾನ್ಯವಾಗಿ ಅಲ್ಲೇ ಇಮಿಗ್ರೇಷನ್. ಪೆಟ್ಟಿಗೆಗಳನ್ನೂ ಅಲ್ಲೇ ಇಳಿಸಿಕೊಂಡು ಮತ್ತೆ ಕೊಡಬೇಕು. ಅವು ತಾವಾಗಿಯೇ ಮುಂದೆ ಹೋಗುತ್ತವೆ ಅಂದುಕೊಂಡಿದ್ದೆ, ದಡ್ಡ! ವಿಮಾನ ತಪ್ಪಿತು. ರಾತ್ರಿಯೆಲ್ಲ ಕುರ್ಚಿಯಲ್ಲಿ, ಪಕ್ಕದಲ್ಲಿ ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ. ನೀವು ಮೂರು ಗಂಟೆಯಾದರೂ ಇಟ್ಟುಕೊಳ್ಳಿ.

ಟಿಕೆಟ್‌ನಲ್ಲಿ ಬರೆದ ವೇಳೆ ಎರಡೂ ಕಡೆಯ ಸ್ಥಳೀಯ ಗಡಿಯಾರದ್ದು. ಊರಿನ ಗಡಿಯಾರ ಚಳಿಗಾಲದಲ್ಲಿ ಇಲ್ಲಿಗಿಂತ 13 ಗಂಟೆ 30 ನಿಮಿಷ ಮುಂದೆ, ಬೇಸಿಗೆಯಲ್ಲಿ ಒಂದು ಗಂಟೆ ಕಮ್ಮಿ. ಬೆಂಗಳೂರಿಂದ ಮಧ್ಯಾಹ್ನ ಎರಡಕ್ಕೆ ಹೊರಟ ನೇರ ವಿಮಾನ ಅದೇ ದಿನ ಸಂಜೆ ಐದಕ್ಕೆ ಇಲ್ಲಿ ಇಳಿಯುತ್ತದೆ ಅಂತ ಬರೆದಿರುತ್ತಿದ್ದರು. ಅಮ್ಮ ಅದನ್ನು ನೋಡಿ "ಮೂರೇ ಗಂಟೆನಾ? ಹಾಗಾದ್ರೆ ಹಬ್ಬಕ್ಕೆ ಬಂದು ಹೋಗೋ" ಅಂದಿದ್ದಳು. ಆಗ ನಕ್ಕಿದ್ದೆ.

ಪಾಸ್‌ಪೋರ್ಟ್, ವೀಸಾ ತಾರೀಖು ನೋಡಿಕೊಳ್ಳಿ, ಅದನ್ನು ಎಲ್ಲರೂ ಹೇಳುತ್ತಾರೆ. ಯಾರೂ ಜೋರಾಗಿ ಹೇಳದ್ದು ಇಲ್ಲೇ ಹುಟ್ಟಿದ ಮಕ್ಕಳ ಒಸಿಐ ಕಾರ್ಡ್, ಅಂದರೆ ವಿದೇಶಿ ಪೌರರಾದ ಭಾರತೀಯ ಮೂಲದವರು ವೀಸಾ ಇಲ್ಲದೆ ಊರಿಗೆ ಬರಲು ಬೇಕಾದ ಕಾರ್ಡ್. "ಮುಂದಿನ ವರ್ಷ ಮಾಡಿಸೋಣ" ಅಂತ ಎರಡು ವರ್ಷ ತಳ್ಳಿದೆ. ಅಷ್ಟರಲ್ಲಿ ಅಪ್ಪ ಹೋದರು. ಮಗಳ ಹತ್ತಿರ ವೀಸಾನೂ ಇಲ್ಲ, ಒಸಿಐನೂ ಇಲ್ಲ. ಹೆಂಡತಿ ಅವಳ ಜೊತೆ ಉಳಿದಳು, ನಾನೊಬ್ಬನೇ ಹೊರಟೆ. ಸಿಕ್ಕ ಟಿಕೆಟ್ ಎರಡು ಕಡೆ ನಿಲ್ಲುವಂಥದ್ದು. ದೇವನಹಳ್ಳಿಯಲ್ಲಿ ಇಳಿದ ಮೇಲೆ ನೆಲಮಂಗಲದ ಟ್ರಾಫಿಕ್ ದಾಟಿ ಹಾಸನಕ್ಕೆ ಇನ್ನೂ ಐದು ಗಂಟೆ. ಸುದ್ದಿ ಬಂದ ಮೂರನೇ ದಿನ ಮನೆ ಮುಟ್ಟಿದೆ. ಅಸ್ಥಿಗೆ ಮಾತ್ರ ಸಿಕ್ಕಿದೆ.

ಈಗ ಮಗಳಿಗೆ ಒಸಿಐ ಇದೆ. ಹೋದ ಬೇಸಿಗೆಯಲ್ಲಿ ಕರೆದುಕೊಂಡು ಹೋಗಿದ್ದೆ. ಹಗಲು ರಾತ್ರಿ ಪೂರ್ತಿ ಅದಲುಬದಲಾಗಿರುತ್ತದಲ್ವಾ, ಮಕ್ಕಳನ್ನು ಗದರಿಸಿ ಮಲಗಿಸಲು ಹೋಗಬೇಡಿ. ನಾನು ಎರಡು ರಾತ್ರಿ ಹೋರಾಡಿ ಸುಮ್ನಾದೆ. ಮೂರನೇ ರಾತ್ರಿ ಎರಡು ಗಂಟೆಗೆ ನಡುಮನೆಯಲ್ಲಿ ದೀಪ ಕಾಣಿಸಿತು. ಅಮ್ಮ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದಿದ್ದಳು. ಮಗಳಿಗೆ ಕನ್ನಡ ಅರ್ಧಂಬರ್ಧ, ಅಮ್ಮನಿಗೆ ಇಂಗ್ಲಿಷ್ ಇಲ್ಲವೇ ಇಲ್ಲ. ಕವಡೆ ಬಿದ್ದಾಗಲೆಲ್ಲ ಇಬ್ಬರೂ ಪಿಸುದನಿಯಲ್ಲಿ ಎಣಿಸುತ್ತಿದ್ದರು.