ಹುಳಿಯೋ ಸೋಡಾವೋ: ಸಿಂಕಿನಿಂದ ಹೂಕುಂಡದವರೆಗೆ ನನ್ನ ಅನುಭವ

ಮನೆಗೆಲಸದ ಟಿಪ್ಸ್‌ಗೇನು ಬರವಿಲ್ಲ. ಇದನ್ನು ಸುರಿಯಿರಿ, ಅದರಿಂದ ಉಜ್ಜಿರಿ ಅಂತ ಎಲ್ಲರೂ ಹೇಳುತ್ತಾರೆ. ಯಾಕೆ ಅಂತ ಹೇಳುವವರು ಕಡಿಮೆ. ನಾನು ಮಾತ್ರ ಕೆಲಸ ಶುರು ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇಲ್ಲಿ ಬೇಕಿರುವುದು ಹುಳಿಯೋ, ಸೋಡಾವೋ? ಹುಳಿ ಅಂದರೆ ನಿಂಬೆರಸ, ವಿನೆಗರ್, ಸಿಟ್ರಿಕ್ ಆಸಿಡ್ ಪುಡಿ. ಸೋಡಾ ಅಂದರೆ ಅಡುಗೆ ಸೋಡಾ. ಇವೆರಡರ ಗುಣ ಗೊತ್ತಿದ್ದರೆ ಅರ್ಧ ಟಿಪ್ಸ್ ಸುಮ್ನೆ ಪಕ್ಕಕ್ಕಿಡಬಹುದು.

ಕೆಟಲ್ ತಳದಲ್ಲಿ ಕೂರುವ ಬಿಳಿ ಪದರ ನೋಡಿ. ಅದು ಗಡಸು ನೀರು ಬಿಟ್ಟುಹೋದ ಕ್ಯಾಲ್ಸಿಯಂ ಕಾರ್ಬೊನೇಟ್. ಸೋಡಾ ಹಾಕಿ ಎಷ್ಟು ತಿಕ್ಕಿದರೂ ಅದು ಕರಗುವುದಿಲ್ಲ, ಹುಳಿಗೆ ತಾನಾಗಿ ಕರಗುತ್ತದೆ. ನಾನು ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸಿಟ್ರಿಕ್ ಆಸಿಡ್ ಪುಡಿ ಹಾಕಿ ಬಿಸಿ ಮಾಡಿ, ಅರ್ಧ ಗಂಟೆ ಬಿಟ್ಟು ಚೆಲ್ಲುತ್ತೇನೆ. ಆಮೇಲೆ ಬರೀ ನೀರನ್ನು ಒಮ್ಮೆ ಕುದಿಸಿ ಅದನ್ನೂ ಚೆಲ್ಲಬೇಕು. ನಲ್ಲಿಯ ಬುಡಕ್ಕಾದರೆ ವಿನೆಗರ್‌ನಲ್ಲಿ ನೆನೆಸಿದ ಬಟ್ಟೆ ಸುತ್ತಿಟ್ಟರೆ ಆಯಿತು. ರಾತ್ರಿಯಿಡೀ ಬಿಡಬೇಡಿ, ಹೊಳಪಿನ ಲೇಪ ಮಂಕಾಗುತ್ತದೆ. ಇನ್ನೊಂದು ಮಾತು. ಅಮೃತಶಿಲೆಯೂ ಕ್ಯಾಲ್ಸಿಯಂ ಕಾರ್ಬೊನೇಟೇ. ಹಾಗಾಗಿ ಮಾರ್ಬಲ್ ಕಟ್ಟೆ, ಮಾರ್ಬಲ್ ನೆಲದ ಹತ್ತಿರ ಹುಳಿ ಸುಳಿಯಲೇಬಾರದು. ಅಲ್ಲಿ ಹೋಗುವುದು ಕಲೆಯಲ್ಲ, ಕಲ್ಲೇ.

ತಳ ಹಿಡಿದ ಪಾತ್ರೆಗೆ ಸೋಡಾ. ಸೀದ ಜಾಗ ಮುಳುಗುವಷ್ಟು ನೀರು ಹಾಕಿ, ಎರಡು ಚಮಚ ಸೋಡಾ ಸೇರಿಸಿ, ಹತ್ತು ನಿಮಿಷ ಕುದಿಸಿ ಆರಲು ಬಿಡಿ. ಕರಿ ಸಡಿಲವಾಗುತ್ತದೆ, ಮರದ ಸೌಟಿನಿಂದ ಕೆರೆದರೆ ಎದ್ದು ಬರುತ್ತದೆ. ಇದು ಸ್ಟೀಲ್ ಪಾತ್ರೆಗೆ ಮಾತ್ರ. ಅಲ್ಯೂಮಿನಿಯಂ ಪಾತ್ರೆ ಸೋಡಾದಲ್ಲಿ ಕುದ್ದರೆ ಕಪ್ಪಾಗುತ್ತದೆ.

ಇನ್ನು ಎರಡನ್ನೂ ಒಟ್ಟಿಗೆ ಸುರಿಯುವ ಟಿಪ್. ನನಗೆ ಇದರ ಮೇಲೆ ಹಳೆಯ ಸಿಟ್ಟಿದೆ. ಬುರುಬುರು ನೊರೆ ಬಂದ ಕೂಡಲೇ ಏನೋ ದೊಡ್ಡ ಕೆಲಸ ಆಗುತ್ತಿದೆ ಅನಿಸುತ್ತದೆ, ಅಲ್ವಾ? ಆ ನೊರೆ ಬರೀ ಕಾರ್ಬನ್ ಡೈಆಕ್ಸೈಡ್. ವಿನೆಗರ್ ಮತ್ತು ಸೋಡಾ ಒಂದನ್ನೊಂದು ತಿಂದು ಹಾಕಿದ ಮೇಲೆ ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಲವಣದ ನೀರು. ಅದಕ್ಕೆ ಜಿಡ್ಡೂ ಹೋಗುವುದಿಲ್ಲ, ಬಿಳಿ ಕಲೆಯೂ ಹೋಗುವುದಿಲ್ಲ. ಎರಡೂ ಬೇಕಿದ್ದರೆ ನಾನು ಮೊದಲು ಸೋಡಾದಿಂದ ಜಿಡ್ಡು ತೆಗೆದು, ಚೆನ್ನಾಗಿ ತೊಳೆದು, ಆಮೇಲೆ ವಿನೆಗರ್ ಹಚ್ಚುತ್ತೇನೆ. ಬ್ಲೀಚ್ ಇದ್ದ ಕಡೆಗಂತೂ ಹುಳಿ ತರಲೇಬಾರದು. ಅವೆರಡು ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಅದು ಶ್ವಾಸಕೋಶಕ್ಕೆ ಹಾನಿ. ನಮ್ಮ ಮನೆಯಲ್ಲಿ ಬ್ಲೀಚ್ ಬಾಟಲಿ ಬೇರೆ ಕಪಾಟಿನಲ್ಲಿ ಒಂಟಿಯಾಗಿ ಇರುತ್ತದೆ.

ಅಡುಗೆಯಲ್ಲಿ ಈ ಲೆಕ್ಕ ಇನ್ನೂ ಚೆನ್ನಾಗಿ ಕೂಡುತ್ತದೆ. ಕಾಳು ಬೇಯುತ್ತಿಲ್ಲ ಎಂದರೆ ನಾನು ಮೊದಲು ನೋಡುವುದು ಹುಳಿ ಯಾವಾಗ ಬಿತ್ತು ಅಂತ. ಕಾಳಿನ ಕಣಗಳನ್ನು ಹಿಡಿದಿಡುವುದು ಪೆಕ್ಟಿನ್. ಹುಳಿ ಇದ್ದರೆ ಅದು ಬೇಗ ಸಡಿಲವಾಗುವುದಿಲ್ಲ. ಟೊಮೆಟೊ ಆಗಲಿ, ನಿಂಬೆ ಆಗಲಿ, ಕಾಳು ಬೆರಳಲ್ಲಿ ಹಿಸುಕಿದರೆ ಮೆತ್ತಗಾಗುವಷ್ಟು ಬೆಂದ ಮೇಲೇ ಹಾಕುತ್ತೇನೆ. ನೀರು ಗಡಸಾಗಿದ್ದರೂ ಕಾಳು ಹಠ ಮಾಡುತ್ತದೆ. ಆಗ ನೆನೆಹಾಕುವ ನೀರಿಗೆ ಒಂದು ಚಿಟಿಕೆ ಸೋಡಾ ಹಾಕಿ, ಬೇಯಿಸುವ ಮೊದಲು ಆ ನೀರು ಬಸಿಯುತ್ತೇನೆ. ಚಿಟಿಕೆ ಅಂದರೆ ಚಿಟಿಕೆಯೇ. ಜಾಸ್ತಿಯಾದರೆ ಸಾಬೂನಿನ ರುಚಿ ಬರುತ್ತದೆ, ಬಿ1 ವಿಟಮಿನ್ನೂ ನಷ್ಟವಾಗುತ್ತದೆ. ಇದನ್ನೇ ತಿರುಗಿಸಿಯೂ ಬಳಸಬಹುದು. ಆಲೂಗಡ್ಡೆ ಹೋಳು ಕರಗದೆ ಗಟ್ಟಿಯಾಗಿ ಉಳಿಯಬೇಕಾದರೆ ಬೇಯುವ ನೀರಿಗೆ ಒಂದು ಚಮಚ ವಿನೆಗರ್ ಹಾಕುತ್ತೇನೆ. ಅಂಚು ಒಡೆಯುವುದಿಲ್ಲ.

ಸೊಪ್ಪು, ಹಸಿರು ಬೀನ್ಸ್‌ನಂಥವು ಹುಳಿ ಬಿದ್ದರೆ ಮಂಕು ಬಣ್ಣಕ್ಕೆ ತಿರುಗುತ್ತವೆ. ಎಲೆಯ ಹಸಿರಿನಲ್ಲಿರುವ ಮೆಗ್ನೀಸಿಯಂ ಕಳಚಿಕೊಳ್ಳುವುದೇ ಕಾರಣ. ಸೋಡಾ ಹಾಕಿದರೆ ಬಣ್ಣ ಉಳಿಯುತ್ತದೆ ನಿಜ, ತರಕಾರಿ ಮಾತ್ರ ಮುದ್ದೆಯಾಗುತ್ತದೆ. ಅದು ನನಗೆ ಬೇಡ. ಜಾಸ್ತಿ ನೀರಿನಲ್ಲಿ, ಮುಚ್ಚಳ ತೆಗೆದು, ಬೇಗ ಬೇಯಿಸಿ ಇಳಿಸುತ್ತೇನೆ. ತರಕಾರಿಯಲ್ಲೇ ಇರುವ ಹುಳಿ ಅಂಶ ಸ್ವಲ್ಪ ಆವಿಯ ಜೊತೆ ಹೊರಗೆ ಹೋಗುತ್ತದೆ. ನಿಂಬೆ ಹಿಂಡುವುದು ತಟ್ಟೆಗೆ ಹಾಕುವಾಗ.

ಬಟ್ಟೆಯ ಮೇಲಿನ ಅರಿಸಿನದ ಕಲೆಗೆ ಸಾಬೂನು ತಾಗಿದ ಕೂಡಲೇ ಕೆಂಪಾಗುವುದನ್ನು ನೀವೂ ನೋಡಿರುತ್ತೀರಿ. ಸಾಬೂನು ಸೋಡಾದ ಕಡೆಯದು, ಅಂದರೆ ಕ್ಷಾರ ಗುಣದ್ದು, ಅದಕ್ಕೇ ಹಾಗೆ. ಗಾಬರಿ ಬೇಡ, ತೊಳೆದರೆ ಮತ್ತೆ ಹಳದಿಗೆ ಬರುತ್ತದೆ. ಉಳಿದ ಹಳದಿಗೆ ಬಿಸಿಲೇ ಮದ್ದು. ಒದ್ದೆ ಬಟ್ಟೆಯನ್ನು ಬಿಸಿಲಿಗೆ ಹರವಿದರೆ ಬಣ್ಣ ತಾನಾಗಿ ಮಾಸುತ್ತದೆ.

ಕುಂಡದ ಗಿಡಗಳಲ್ಲಿ ನಾನು ಗಮನಿಸುವುದು ಎಳೆ ಎಲೆಗಳನ್ನು. ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಹೆಚ್ಚಾಗಿ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲ ಎಂದಲ್ಲ. ಗಡಸು ನೀರು ಹಾಕಿ ಹಾಕಿ ಮಣ್ಣು ಸೋಡಾದ ಕಡೆ ವಾಲಿರುತ್ತದೆ, ಬೇರಿಗೆ ಅದನ್ನು ಹೀರಲು ಆಗುವುದಿಲ್ಲ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಈ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ನಾನು ಮೇಲಿನ ಮಣ್ಣು ಕೆರೆದು ತೆಗೆದು ಎಲೆಗೊಬ್ಬರ ತುಂಬುತ್ತೇನೆ. ಆಮೇಲೆ ಸಾಧ್ಯವಾದಷ್ಟು ದಿನ ಹಿಡಿದಿಟ್ಟ ಮಳೆನೀರು. ಹಳದಿಯಾದ ಎಲೆ ಪೂರ್ತಿ ಹಸಿರಾಗದೆ ಇರಬಹುದು, ಹೊಸ ಚಿಗುರಿನ ಬಣ್ಣ ನೋಡಬೇಕು. ಹೆಚ್ಚಿನ ತರಕಾರಿಗಳಿಗೆ ಮಣ್ಣಿನ ಪಿಎಚ್ (ಹುಳಿ-ಸೋಡಾದ ಅಳತೆ; 7 ನಡುಮಟ್ಟ, ಅದಕ್ಕಿಂತ ಕಡಿಮೆಯಾದರೆ ಹುಳಿ) 6ರಿಂದ 7 ಇದ್ದರೆ ಸಾಕು. ಬೂದಿ ಸೋಡಾದ ಕಡೆಯದೇ ಆದ್ದರಿಂದ ಇಂಥ ಕುಂಡಕ್ಕೆ ಅದು ಬೇಡ.

ಮೊಟ್ಟೆ ಸಿಪ್ಪೆಯನ್ನು ಹಾಗೇ ಚುಚ್ಚಿಟ್ಟರೆ ವರ್ಷ ಕಳೆದರೂ ಕಣ್ಣಿಗೆ ಕಾಣುತ್ತಿರುತ್ತದೆ. ನುಣ್ಣಗೆ ಪುಡಿ ಮಾಡಿ ಗೊಬ್ಬರದ ಡಬ್ಬಕ್ಕೆ ಹಾಕಿ. ಎಲೆಯ ಬೂದಿರೋಗಕ್ಕೆ ಸೋಡಾ ನೀರು ಸಿಂಪಡಿಸುವವರಿದ್ದಾರೆ. ಅದರಿಂದ ಸ್ವಲ್ಪ ಅನುಕೂಲ ಇದೆ, ಆದರೆ ಸೋಡಿಯಂ ಮಣ್ಣಿಗಿಳಿದು ಕುಂಡದಲ್ಲೇ ಉಳಿಯುತ್ತದೆ. ನಾನು ರೋಗದ ಎಲೆ ಕಿತ್ತು, ಗಾಳಿಯಾಡಲು ಕೊಂಬೆ ಸವರಿ ನೋಡುತ್ತೇನೆ. ಅಂಗಳದ ಬಿರುಕಿನಲ್ಲಿ ಬೆಳೆಯುವ ಕಳೆಗೆ ಮಾತ್ರ ಬಿಸಿಲಿರುವಾಗ ವಿನೆಗರ್ ಹಾಕುತ್ತೇನೆ. ಎಳೆ ಕಳೆಯಾದರೆ ಸಾಯುತ್ತದೆ. ಬೇರು ಗಟ್ಟಿಯಾದದ್ದು ಮತ್ತೆ ಚಿಗುರುತ್ತದೆ, ಅದನ್ನು ಮಳೆ ಬಂದ ಮರುದಿನ ಕೈಯಲ್ಲೇ ಕೀಳುವುದು ಸುಲಭ.